ವೈನಿ ಕಂಡ ಕರಿಮರಳಿನ ದಂಡೆ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಗುತ್ತಿದ್ದವನು. ಮೈಮೇಲೆ ದೇವರು ಬರುವುದು, ಅಂಜನ ಹಚ್ಚಿ ಕಳೆದುಹೋದವರನ್ನು ಹುಡುಕುವುದು, ಇವೆಲ್ಲ ಹೊಟ್ಟೆಪಾಡಿನ ವಿದ್ಯೆ ಎಂದೇ ತಿಳಿದಿದ್ದೆ. ಈಗಲೂ ಬಹುಮಟ್ಟಿಗೆ ಹಾಗೆಯೇ ತಿಳಿದಿದ್ದೇನೆ. ಆದರೆ ಹೊಳೆಆಲೂರಿನಲ್ಲಿ ಒಂದು ಮಧ್ಯಾಹ್ನ ನನ್ನ ಕಣ್ಣೆದುರು ನಡೆದದ್ದಿದೆಯಲ್ಲ, ಅದನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು. ನಡೆದಂತೆ ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷ ಆಗಿದ್ದ ಕಾಲ. ನಮ್ಮದು ಗಜೇಂದ್ರಗಡದ ಬಡಿಗೇರ ಮನೆತನ. ನಾನು ಮಾತ್ರ ಮರಗೆಲಸ ಬಿಟ್ಟು ಹಾರ್ಮೋನಿಯಂ ರಿಪೇರಿಗೆ ಹೊರಳಿದ್ದೆ. ನಮ್ಮ ಕಡೆ ಅದಕ್ಕೆ ಪೇಟಿ ಎನ್ನುತ್ತಾರೆ. ನರಗುಂದ, ರೋಣ, ಸೂಡಿ ಎಂದು ಊರೂರು ತಿರುಗಿ ಭಜನಾ ಮೇಳದವರ, ನಾಟಕದವರ ಪೇಟಿಗಳನ್ನು ಬಿಚ್ಚಿ ಕಟ್ಟುತ್ತಿದ್ದೆ.

ಮನೆಯಲ್ಲಿ ಅವ್ವ, ಕಾಕಾ ಮತ್ತು ವೈನಿ ಇದ್ದರು. ವೈನಿ ಎಂದರೆ ನಮ್ಮ ಅಣ್ಣನ ಹೆಂಡತಿ. ಮದುವೆಯಾಗಿ ಎರಡೇ ವರ್ಷಕ್ಕೆ ಅಣ್ಣ ಅವ್ವನಿಗೆ ಹೇಳದೆ ಮಿಲಿಟರಿ ಸೇರಿದ್ದ. ಯುದ್ಧ ಮುಗಿಯಿತು, ಇನ್ನೇನು ಬಂದಾನು ಎಂದು ನಾವು ದಾರಿ ಕಾಯುವಾಗ ಒಂದು ಕಾಗದ ಬಂತು. ತಮ್ಮ ಪಲ್ಟಣವನ್ನು ಹಡಗಿನಲ್ಲಿ ಜಾವಾ ಎಂಬ ದ್ವೀಪಕ್ಕೆ ಕಳಿಸುತ್ತಿದ್ದಾರೆ ಎಂದಷ್ಟೇ ಅದರಲ್ಲಿತ್ತು. ಆಮೇಲೆ ಬಂದದ್ದು ಸರಕಾರದ ಕಾಗದ. ಮನುಷ್ಯ ಪತ್ತೆಯಿಲ್ಲ ಎಂದು.

ಒಂಬತ್ತು ವರ್ಷ ವೈನಿ ತಿರುಗದ ಊರಿಲ್ಲ, ಕೇಳದ ದೇವರಿಲ್ಲ. ನಾನು ಗೇಲಿ ಮಾಡುತ್ತಿದ್ದೆ. ಕೊನೆಗೆ ಕಾಕಾ ಒಂದು ದಿನ ಪಡಸಾಲೆಯಲ್ಲಿ ಕೂತು ಹೇಳಿಯೇಬಿಟ್ಟ. "ಬರೋ ಅಮಾಸಿಗೆ ಅವನ ಕರ್ಮಾ ಮಾಡಿ ಮುಗಸೋಣು. ದರ್ಭಿ ಹೆಣಾ ಮಾಡಿ ಸುಡೋದು. ಎಷ್ಟ ದಿನಾ ಅಂತ ಆ ಜೀವಾ ಅಲ್ಲೇ ಅಲದಾಡಬೇಕು?"

ವೈನಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಹೆಣಾ ನೋಡಲಾರದ ನಾ ಬಳಿ ಒಡಿಯಂಗಿಲ್ರಿ," ಎಂದಳು. ಅಂದಿನಿಂದ ಊಟ ಬಿಟ್ಟಳು. ಆರನೆಯ ದಿನ ಗೋಡೆ ಹಿಡಿದು ನಡೆಯುತ್ತಿದ್ದಳು. ಅವ್ವ ನನ್ನ ಕೈಹಿಡಿದು, "ಮಗಾ ಅಂತೂ ಹ್ವಾದ, ಈಕಿನರ ಉಳಸೋ," ಎಂದು ಅತ್ತಳು.

ಹೊಳೆಆಲೂರಿನ ಪಿಯಾನೋ ಸಾಹೇಬರ ಹೆಸರು ವೈನಿಯ ಕಿವಿಗೆ ಬಿದ್ದದ್ದು ನನ್ನಿಂದಲೇ. ಅವರೊಬ್ಬ ಯುರೋಪಿನ ಸಂಗೀತಗಾರ. ಅಲ್ಲಿಯ ಆಳುವವರು ಅವರ ಜನರನ್ನೆಲ್ಲ ಓಡಿಸಿದಾಗ ತಪ್ಪಿಸಿಕೊಂಡು ಜಾವಾ ಸೇರಿದ್ದರು. ಅಲ್ಲಿಯ ಗುಡ್ಡ, ಕಡಲು, ಸಂತೆ, ತೊಗಲುಗೊಂಬೆ ಆಟ, ಸಾಲಾಗಿ ಇಟ್ಟು ಬಾರಿಸುವ ಕಂಚಿನ ಜಾಗಟೆಗಳು, ಇವನ್ನೆಲ್ಲ ಕಂಡು ಕೇಳಿ ಪಿಯಾನೋಕ್ಕೆ ರಾಗ ಕಟ್ಟಿದ್ದರು. ಯುದ್ಧ ಬಂತು. ಇವರೂ ಆ ಶತ್ರುದೇಶದವರೇ ಎಂದು ಜಾವಾದ ಸರಕಾರ ಹಿಡಿದು ಹಡಗಿನಲ್ಲಿ ಹಿಂದುಸ್ತಾನದ ಕೈದಿಗಳ ಕ್ಯಾಂಪಿಗೆ ಕಳಿಸಿತು. ಬಿಡುಗಡೆಯಾದಾಗ ಹೋಗಲು ಊರೇ ಉಳಿದಿರಲಿಲ್ಲ. ಯಾರೋ ಪಾದ್ರಿಗಳು ಸ್ಟೇಶನ್ ಹತ್ತಿರದ ಹಳೆಯ ಬಂಗಲೆಯಲ್ಲಿ ಇರಿಸಿದ್ದರು. ಗೂಡ್ಸ್ ಗಾಡಿಯಲ್ಲಿ ಪಾದ್ರಿಗಳು ತರಿಸಿಕೊಟ್ಟ ಪಿಯಾನೋಕ್ಕೆ ನಮ್ಮ ಬಿಸಿಲು ತಡೆಯಲಿಲ್ಲ. ಮರ ಸೀಳಿ, ಗೆದ್ದಲು ಹತ್ತಿ, ಅರ್ಧ ಮನೆಗಳು, ಎಂದರೆ ಬೆರಳಿನಿಂದ ಒತ್ತುವ ಪಟ್ಟಿಗಳು, ಮೂಕಾಗಿದ್ದವು. ಅದನ್ನು ಸರಿಮಾಡಲು ನಾನು ಎರಡು ತಿಂಗಳಿಂದ ಹೋಗಿ ಬರುತ್ತಿದ್ದೆ.

"ಅವ್ರು ಆ ದೇಶದಾಗ ಇದ್ದವ್ರಲಾ," ಎಂದಳು ವೈನಿ. "ಒಂದ ಸಲ ನನ್ನ ಕರಕೊಂಡು ಹೋಗ ತಮ್ಮಾ. ಕೇಳಿ ಬರತೇನಿ. ಆಮ್ಯಾಲೆ ನೀವು ಹೇಳಿದಂಗ."

ಹೋಗಿ ಉಪಯೋಗವಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಕರೆದುಕೊಂಡು ಹೊರಟೆ. ಗಜೇಂದ್ರಗಡದಿಂದ ರೋಣ, ರೋಣದಿಂದ ಹೊಳೆಆಲೂರು. ಬಸ್ಸಿನಲ್ಲಿ ಆಕೆಯ ತಲೆ ಕಿಟಕಿಯ ಸರಳಿಗೆ ಬಡಿಯುತ್ತಿತ್ತು. ಎತ್ತಿ ಸರಿಮಾಡಿಕೊಳ್ಳುವ ಕಸುವೂ ಇರಲಿಲ್ಲ.

ನಾವು ಮುಟ್ಟಿದಾಗ ಮಧ್ಯಾಹ್ನದ ಎರಡು ಗಂಟೆ. ಸಾಹೇಬರ ಕನ್ನಡ ಕುಂಟುತ್ತಿತ್ತು, ಆದರೆ ಮಾತಿನಲ್ಲಿ ಮರ್ಯಾದೆ ಇತ್ತು. ವೈನಿ ಸೆರಗು ಒಡ್ಡಿ ಕೇಳಿದಳು. ಅವರು ಒಂದೊಂದೇ ಶಬ್ದ ಹುಡುಕಿ ಹೇಳಿದರು.

"ಅಮ್ಮಾ, ದೊಡ್ಡ ದೇಶ. ತುಂಬ ಜನ. ನನ್ನನ್ನು ಮೊದಲೇ ಹಿಡಿದು ಕಳಿಸಿದರು. ನಿಮ್ಮ ಸೈನ್ಯ ಆಮೇಲೆ, ಮೂರು ನಾಲ್ಕು ವರ್ಷ ಆಮೇಲೆ ಬಂತು. ನಾನು ನೋಡಿಲ್ಲ."

ವೈನಿ ಅಳಲಿಲ್ಲ. ಗೋಡೆಗೆ ಬೆನ್ನು ಹಚ್ಚಿ ನೆಲದ ಮೇಲೆ ಕುಸಿದಳು. ಕೊಡಲು ಬೇರೆ ಏನೂ ಇಲ್ಲದ್ದಕ್ಕೋ ಏನೋ, ಸಾಹೇಬರು ಪಿಯಾನೋದ ಮುಂದೆ ಹೋಗಿ ಕೂತರು. ನಾನು ಅಂದಿನವರೆಗೆ ಕೇಳದ ರಾಗವದು. ದೂರದಲ್ಲಿ ಜಾಗಟೆಗಳು ಒಂದರ ಹಿಂದೆ ಒಂದು ಬಡಿದಂತೆ, ಅದರ ಕೆಳಗೆ ನೀರು ಬಂದು ಹೋದಂತೆ ಕೇಳುತ್ತಿತ್ತು.

ಸ್ವಲ್ಪ ಹೊತ್ತಿಗೆ ವೈನಿ ಮಾತಾಡಿದಳು. ಕಣ್ಣು ಮುಚ್ಚಿದ್ದವು. ದನಿ ಆಕೆಯದೇ. ಮೈದುಂಬಿದವರ ಹಾಗೆ ತೂಗಲಿಲ್ಲ, ಕೂಗಲಿಲ್ಲ.

"ಇದೇನ ತಮ್ಮಾ, ಮರಳು ಕರ್ರಗ ಐತಿ. ನಮ್ಮ ಎರಿ ಹೊಲದಂಗ. ನೀರು ಬಂದು ಬಂದು ಬಡಿಯಾಕತ್ತೇತಿ. ಹಿಂದ ಗುಡ್ಡ. ಗುಡ್ಡದ ತಲಿಯಿಂದ ಹೊಗಿ ಏಳಾಕತ್ತೇತಿ."

ಆಕೆ ಕಡಲು ಕಂಡವಳಲ್ಲ. ಬಾದಾಮಿಯ ಹೊಂಡಕ್ಕಿಂತ ದೊಡ್ಡ ನೀರನ್ನು ನೋಡಿದ್ದರೆ ಅದು ಮಲಪ್ರಭೆ ಮಾತ್ರ.

"ಕಂಬದ ಮ್ಯಾಲ ನಿಂತ ಮನಿ. ಹತ್ತೂ ಮೆಟ್ಟಲಾ ಕಟಿಗೀವು. ಮೂರನೇ ಮೆಟ್ಟಲಾ ಮುರದೈತಿ, ಹಗ್ಗಾ ಕಟ್ಯಾರ."

ಸಾಹೇಬರ ಕೈ ನಿಂತಿತು.

"ನಿಲ್ಲಸಬ್ಯಾಡ್ರಿ ಸಾಹೇಬ್ರ!" ವೈನಿ ಚೀರಿದಳು. "ಮನಿ ಕೆಳಗ ನಿಮ್ಮಣ್ಣ ಅದಾರ ತಮ್ಮಾ. ಕಂಬಕ್ಕ ಒರಗ್ಯಾರ. ಒಂದ ಕಾಲಾಗ ಬೂಟ ಇಲ್ಲ. ಬಾರಸ್ರಿ, ನಿಮ್ಮ ಕಾಲಿಗೆ ಬೀಳತೇನಿ, ಬಾರಸ್ರಿ!"

ಅವರು ಬಾರಿಸಿದರು. ಸ್ವರಗಳು ತಪ್ಪುತ್ತಿದ್ದವು.

"ಭಾಳ ನೀರಡಿಸ್ಯಾರ. ಬಾಯಿ ತೆರದಾರ. ಒಬ್ಬಾಕಿ ಮುದುಕಿ ಬರಾಕತ್ತಾಳ, ಟೆಂಗಿನ ಚಿಪ್ಪಿನಾಗ ನೀರು ತಗೊಂಡು. ಆಕೀದು ಎಡಗಿವಿ ಹರದೈತಿ. ಕುಂತಳು. ಚಿಪ್ಪು ಬಾಯಿಗೆ ಹಿಡದ್ಲು..."

ಸಾಹೇಬರು ಯಾವುದೋ ಹೆಸರು ಹಿಡಿದು ಕೂಗಿ ಪಿಯಾನೋದ ಮೇಲೆ ಕುಸಿದರು. ಅಷ್ಟೂ ಮನೆಗಳು ಒಂದೇ ಸಲ ಒದರಿ ಸುಮ್ಮನಾದವು.

ವೈನಿ ಕಣ್ಣು ತೆರೆದಳು. "ಯಾಕ ನಿಲ್ಲಸಿದ್ರಿ?" ಎಂದಳು. ಆ ದನಿ ಇಂದಿಗೂ ನನ್ನನ್ನು ನಿದ್ದೆಯಿಂದ ಎಬ್ಬಿಸುತ್ತದೆ. "ಅವ್ರಿನ್ನೂ ಕುಡದಿದ್ದಿಲ್ಲರೀ."

ಸಾಹೇಬರು ಎದ್ದು ಬಂದು ಆಕೆಯ ಮುಂದೆ ಮಂಡಿಯೂರಿ ಕೂತರು. ಆಕೆ ಕಂಡದ್ದು ಜಾವಾದಲ್ಲಿ ಅವರಿದ್ದ ಮನೆ. ಏಳು ವರ್ಷ ಬಾಳಿದ ಮನೆ. ಮೂರನೆಯ ಮೆಟ್ಟಿಲು ಮುರಿದದ್ದು ಅವರ ಕಾಲಿನಿಂದಲೇ, ಹಗ್ಗ ಕಟ್ಟಿದ್ದೂ ಅವರೇ. ಕಿವಿ ಹರಿದ ಮುದುಕಿ ಅವರಿಗೆ ಅಡಿಗೆ ಮಾಡಿ ಹಾಕುತ್ತಿದ್ದವಳು. ಆ ಮನೆಯ ಮೇಲೆಯೇ ಈ ರಾಗ ಕಟ್ಟಿದ್ದರಂತೆ.

"ಬಾಗಿಲು ತೆರೆದಿತ್ತಾ ಅಮ್ಮಾ? ಒಳಗೆ ದೀಪ ಇತ್ತಾ? ಬಾವಿ ಹತ್ತಿರ ಹೂವಿನ ಮರ, ಇದೆಯಾ?" ಎಂದು ಮಗುವಿನಂತೆ ಕೇಳುತ್ತಿದ್ದರು. "ಈ ರಾಗ ಎಷ್ಟು ಸಲ ಬಾರಿಸಿದೆ! ನನಗೆ ಒಂದು ಸಲ ಕೂಡ ಕಾಣಲಿಲ್ಲ."

"ನಾ ಮನಿ ನೋಡಲಿಲ್ರೀ," ಎಂದಳು ವೈನಿ. "ಅವ್ರನ್ನ ನೋಡಾಕತ್ತಿದ್ನಿ."

ಮತ್ತೆ ಬಾರಿಸಿದರು. ಸೂರ್ಯ ಮುಳುಗುವ ತನಕ ಬಾರಿಸಿದರು. ವೈನಿಗೆ ಏನೂ ಕಾಣಲಿಲ್ಲ, ಬರೀ ಸಪ್ಪಳ ಕೇಳಿತು. ಒಬ್ಬರು ಬಾರಿಸಿ ಸೋತರು, ಒಬ್ಬರು ಕೇಳಿ ಸೋತರು. ನಡುವೆ ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ.

ಅಮಾವಾಸ್ಯೆ ಬಂತು. ಕಾಕಾ ಎಲ್ಲ ಸಜ್ಜು ಮಾಡಿದ್ದ. ಹೊಳೆಆಲೂರಿನಿಂದ ಬಂದ ಮೇಲೆ ದಿನಕ್ಕೆರಡು ಹೊತ್ತು ಗಂಜಿ ಕುಡಿದು ಚೇತರಿಸಿಕೊಂಡಿದ್ದ ವೈನಿ ತಾನೇ ಬಾವಿಯಿಂದ ಕೊಡ ತುಂಬಿ ತಂದು ಅವನ ಮುಂದೆ ಇಟ್ಟಳು. "ನೀರು ಬಿಡೂದಾದ್ರ ಬಿಡ್ರಿ, ಅವ್ರಿಗೆ ನೀರಡಿಕಿ ಆಗೇತಿ. ನನ್ನ ಬಳಿ ಮಾತ್ರ ಮುಟ್ಟಬ್ಯಾಡ್ರಿ," ಎಂದಳು. ಕಾಕಾ ಆಕೆಯ ಮುಖ ನೋಡಿದ. ದರ್ಭೆಯ ಗೊಂಬೆಯನ್ನು ಸುಡಲಿಲ್ಲ. ತರ್ಪಣ ಬಿಟ್ಟು ಎದ್ದುಹೋದ.

ಆಮೇಲೆ ನಾನು ಕಾರಣ ಹುಡುಕದೆ ಬಿಡಲಿಲ್ಲ. ಅಣ್ಣನ ಕಾಗದಗಳನ್ನೆಲ್ಲ ತೆಗೆದು ಓದಿದೆ. ಕರಿಮರಳಿನ ಮಾತಿಲ್ಲ, ಮುದುಕಿಯ ಮಾತಿಲ್ಲ. ಸಾಹೇಬರೇನಾದರೂ ಕೆಲಸದ ನಡುವೆ ನನಗೆ ಹೇಳಿ, ನಾನು ಮನೆಯಲ್ಲಿ ಬಾಯಿಬಿಟ್ಟಿದ್ದೆನೋ ಎಂದು ನೆನಪು ಕೆದಕಿದೆ. ಜಾಗಟೆ, ಗೊಂಬೆಯಾಟದ ವಿಷಯ ಹೇಳಿದ್ದರು. ಗುಡ್ಡದ ಹೊಗೆಯನ್ನೂ ಹೇಳಿದ್ದಿರಬಹುದು. ಮುರಿದ ಮೆಟ್ಟಿಲನ್ನು, ಹರಿದ ಕಿವಿಯನ್ನು ಯಾರಿಗೂ ಹೇಳಿಲ್ಲವೆಂದು ಅವರು ಆಣೆ ಮಾಡಿದರು. ಜಾವಾದ ಗುರುತಿನವರಿಗೆ ಮೂರು ಕಾಗದ ಹಾಕಿದರು. ಒಂದಕ್ಕೂ ಉತ್ತರ ಬರಲಿಲ್ಲ. ಉಪವಾಸದಿಂದ ತಲೆ ಹಗುರಾದವಳಿಗೆ ಏನೇನೋ ಕಂಡಿರಬೇಕು ಎಂದು ನರಗುಂದದ ಡಾಕ್ಟರರು ಹೇಳಿದರು. ಕಂಡಿರಬಹುದು. ಆದರೆ ಬೇರೊಬ್ಬರ ಮನೆಯ ಮೆಟ್ಟಿಲು ಯಾಕೆ ಕಾಣಬೇಕು?

ಮರುವರ್ಷ ಸಾಹೇಬರಿಗೆ ಬೇರೆ ಯಾವುದೋ ದೇಶ ಆಸರೆ ಕೊಟ್ಟಿತು. ಹೊರಡುವ ಮುಂಚೆ ನನ್ನ ಎರಡೂ ಕೈ ಹಿಡಿದು, ಕೊನೆಗೊಮ್ಮೆ ಅಮ್ಮನನ್ನು ಕರೆತಾ, ಈ ಸಲ ನಡುವೆ ನಿಲ್ಲಿಸುವುದಿಲ್ಲ, ಪೂರ್ತಿ ಬಾರಿಸುತ್ತೇನೆ ಎಂದು ಬೇಡಿಕೊಂಡರು. ಮನೆಗೆ ಬಂದು ಹೇಳಿದೆ. ವೈನಿ ಜೋಳ ಹಸನು ಮಾಡುತ್ತಿದ್ದಳು. ಬೆರಳು ನಿಂತವು.

"ಒಲ್ಲೆ ತಮ್ಮಾ," ಎಂದಳು. "ಪೂರ್ತಿ ಬಾರಿಸಿದ್ರ ಅವ್ರು ಸತ್ತದ್ದೂ ಕಂಡೀತು. ಈಗರ ಬಾಯಿಮಟ ನೀರು ಬಂದೈತಿ."