ಗೋಡೆಯಾಚೆಯ ಲವಂಗದ ಮರ

ನಮ್ಮ ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಒಂದು ಗಾಜಿನ ಭರಣಿಯಿದೆ. ಮೊದಲು ಅದರಲ್ಲಿ ಮಿಡಿ ಉಪ್ಪಿನಕಾಯಿ ಇತ್ತು, ಈಗ ಲವಂಗವಿದೆ. ಲವಂಗವನ್ನು ನೀವೂ ನಾನೂ ಎಷ್ಟೋ ಸಲ ಹಲ್ಲುನೋವಿಗೆ ಒತ್ತಿಕೊಂಡಿದ್ದೇವೆ, ಪುಲಾವಿನಲ್ಲಿ ಬಾಯಿಗೆ ಸಿಕ್ಕಿದರೆ ಮುಖ ಕಿವಿಚಿ ತಟ್ಟೆಯ ಅಂಚಿಗೆ ತಳ್ಳಿದ್ದೇವೆ. ಆದರೆ ಅದು ಅರಳುವ ಮೊದಲೇ ಕಿತ್ತು ಒಣಗಿಸಿದ ಮೊಗ್ಗು ಎಂಬ ಸಂಗತಿ ನನಗೆ ತಿಳಿದದ್ದು ತಲೆಯಲ್ಲಿ ಬಿಳಿ ಕೂದಲು ಕಾಣಿಸಿಕೊಂಡ ಮೇಲೆ, ಡಚ್ಚರ ನಾಡಿನ ಈ ಹಾರ್ಲೆಮ್ಮಿನಲ್ಲಿ, ಪಕ್ಕದ ಮನೆಯ ಓಮಾ ಲೀನಾ ಹೇಳಿದಾಗ. ಓಮಾ ಎಂದರೆ ಇಲ್ಲಿಯವರ ಬಾಯಲ್ಲಿ ಅಜ್ಜಿ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ, ಅದೂ ಎಷ್ಟು ತೆಳುವೆಂದರೆ ಅವರ ಚಪ್ಪಲಿಯ ಸರಬರ ಸದ್ದು ನಮ್ಮ ಒಗ್ಗರಣೆಯ ಜೊತೆಗೇ ಕೇಳುತ್ತದೆ.

ಓಮಾ ಹುಟ್ಟಿದ್ದು ಇಂಡೋನೇಷ್ಯಾದ ಪೂರ್ವದ ಅಂಚಿನ ಒಂದು ಪುಟ್ಟ ದ್ವೀಪದಲ್ಲಿ. ಅಪ್ಪ ಡಚ್ಚರ ಸೈನ್ಯದಲ್ಲಿದ್ದವರು. ಅಲ್ಲಿ ಡಚ್ಚರ ಆಳ್ವಿಕೆ ಮುಗಿದಾಗ, ಕೆಲವೇ ತಿಂಗಳಲ್ಲಿ ವಾಪಸು ಬರಬಹುದೆಂಬ ಮಾತು ನಂಬಿ ಹೆಂಡತಿ ಮಕ್ಕಳೊಂದಿಗೆ ಹಡಗು ಹತ್ತಿದವರು. ಆ ಕೆಲವು ತಿಂಗಳು ಮುಗಿಯಲೇ ಇಲ್ಲ. ಮಂಚದಡಿಯ ಪೆಟ್ಟಿಗೆಯನ್ನು ಬಿಚ್ಚಲು ಕೊನೆಯವರೆಗೂ ಒಪ್ಪದ ಅಪ್ಪ ಈ ತಣ್ಣನೆಯ ಮಣ್ಣಿಗೇ ಸೇರಿದರು, ಮಡಿಲಲ್ಲಿ ಕೂತು ಬಂದ ಮಗು ಇಲ್ಲಿಯೇ ಮುದುಕಿಯಾಯಿತು.

ಆದರೆ ಆ ಮಗುವಿನದೊಂದು ಅಲ್ಲಿಯೇ ಉಳಿದಿತ್ತು. ಅವರ ಊರಲ್ಲಿ ಮಗು ಹುಟ್ಟಿದ ದಿನ ಅದರ ಹೆಸರಿನಲ್ಲಿ ಲವಂಗದ ಸಸಿ ನೆಡುತ್ತಾರೆ, ಮತ್ತೆ ಆ ಇಬ್ಬರ ಆಯುಸ್ಸೂ ಒಂದೇ ಎಂದು ನಂಬುತ್ತಾರೆ. ಮರ ಮೊಗ್ಗು ತಳೆದಾಗ ಅದನ್ನು ಬಸುರಿಯ ಹಾಗೆ ನೋಡಿಕೊಳ್ಳಬೇಕು: ಹತ್ತಿರ ಗದ್ದಲ ಮಾಡಬಾರದು, ತಲೆಯ ಮೇಲೆ ಟೋಪಿಯಿದ್ದರೆ ತೆಗೆದೇ ದಾಟಬೇಕು. ಓಮಾ ಜಾರಿ ಬಿದ್ದು ಎಡ ಸೊಂಟ ಮುರಿದುಕೊಂಡ ಚಳಿಗಾಲದಲ್ಲಿ ಅಲ್ಲಿ ಮರದ ಒಂದು ಮಗ್ಗುಲು ಪೂರ್ತಿ ಎಲೆ ಉದುರಿಸಿತಂತೆ. ಕೇಳಿದಾಗ ನಾನು ನಕ್ಕೆ. ಓಮಾ ನಗಲಿಲ್ಲ, ಇನ್ನೊಂದು ಬಿಸ್ಕತ್ತು ಕೊಟ್ಟರು.

ನಗು ನಿಂತದ್ದು ಆ ಮರವನ್ನು ಕಣ್ಣಾರೆ ಕಂಡ ಮೇಲೆ. ಓಮಾನ ಚಿಕ್ಕಪ್ಪನ ಮೊಮ್ಮಗಳು ಯೋಸಿ ಆ ಊರಿನ ಶಾಲೆಯ ಟೀಚರು. ಅಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಗುಡ್ಡದ ಮೇಲೆ, ಅದೂ ಓಮಾನ ಮರದ ಬುಡದಲ್ಲಿ ಮಾತ್ರ. ಹಾಗಾಗಿ ಊರಿನ ಯಾವ ಸುದ್ದಿ ಬಂದರೂ ಆ ಮರದ ನೆರಳಲ್ಲಿ ನಿಂತೇ ಬರಬೇಕು. ಶನಿವಾರ ಬೆಳಿಗ್ಗೆ ಫೋನು ಹಿಡಿಯುವ ಕೆಲಸ ನನ್ನದು, ಓಮಾನ ಕೈ ನಡುಗುತ್ತದೆ. ಯೋಸಿ ನಗುತ್ತ ಮಾತಾಡುವಳು, ಅವಳ ಹಿಂದೆ ಎಡಗಡೆ ಬೋಳಾದ ಮರವೊಂದು ಅಲ್ಲಿಯ ಗಾಳಿಯಿಲ್ಲದ ಸಂಜೆಯಲ್ಲಿ ಮೆಲ್ಲಗೆ ಅಲ್ಲಾಡುವುದು, ಇತ್ತ ಕುರ್ಚಿಯಲ್ಲಿ ಓಮಾ ತಮ್ಮ ಎಡ ಸೊಂಟವನ್ನು ನೀವಿಕೊಳ್ಳುವರು. ಇದನ್ನು ಬೇಸಗೆಯ ಹಗಲು ಬೆಳಕಿನಲ್ಲಿ ನೋಡಿದರೂ ನಾನು ಶಾಲು ಎಳೆದುಕೊಳ್ಳುತ್ತಿದ್ದೆ.

ಯೋಸಿಯ ಸುದ್ದಿಗಳಲ್ಲಿ ಊರು ವಾರವಾರಕ್ಕೆ ಸಣ್ಣದಾಗುತ್ತಿತ್ತು. ಓದಿದ ಹುಡುಗ ಹುಡುಗಿಯರು ದೋಣಿ ಹತ್ತಿ ಪಟ್ಟಣ ಸೇರಿದರೆ ಹಬ್ಬಕ್ಕೂ ತಿರುಗಿ ಬರುತ್ತಿರಲಿಲ್ಲ, ಉಳಿದವರು ಮೀನು, ಕಾಂಡದ ತಿರುಳಿನಿಂದ ಹಿಟ್ಟು ಕೊಡುವ ಸಾಗು ಮರ, ಲವಂಗ ಎಂದು ಮೂರನ್ನು ನಂಬಿ ಕೂತಿದ್ದರು. ಸಮುದ್ರ ಮಾತ್ರ ಪ್ರತಿ ವರ್ಷ ತಪ್ಪದೆ ಬರುತ್ತಿತ್ತು: ಮೊದಲು ತೆಂಗಿನ ಸಾಲು ತಿಂದಿತು, ಆಮೇಲೆ ಸ್ಮಶಾನದ ಕೆಳಗಿನ ಸಾಲು. ಇಡೀ ಊರನ್ನೇ ಗುಡ್ಡದ ಮೇಲಕ್ಕೆ ಒಯ್ಯಬೇಕೆಂದು ಹಿರಿಯರು ನಿಶ್ಚಯಿಸಿದರು. ಮೇಲೆ ಹೋಗಲು ದಾರಿ ಬೇಕು. ದಾರಿ ಬಂದರೆ ನರ್ಸಮ್ಮ ಬರುತ್ತಾಳೆ, ಕರೆಂಟು ಬರುತ್ತದೆ, ಶಾಲೆ ಉಳಿಯುತ್ತದೆ. ಒಂದು ಕಡೆ ಕಮರಿ, ಇನ್ನೊಂದು ಕಡೆ ಬಂಡೆ. ಲಾರಿ ಹತ್ತುವಂಥ ಇಳಿಜಾರು ಇರುವುದು ಒಂದೇ, ಅದರ ನಟ್ಟನಡುವೆ ಓಮಾನ ಮರ. ಯಾರ ಹುಟ್ಟಿಗೆ ನೆಟ್ಟದ್ದೋ ಅವರು ಬಾಯಿಬಿಟ್ಟು ಹೇಳದೆ ಅದಕ್ಕೆ ಕೊಡಲಿ ತಾಗಿಸುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ.

ನೋಡಿ, ಸಮುದ್ರಕ್ಕಿಂತ ತಗ್ಗಿನ ನೆಲದಲ್ಲಿ ಮನೆ ಮಾಡಿಕೊಂಡ ನಾವು ಇಲ್ಲಿ ಒಡ್ಡುಗಳ ಭರವಸೆಯಲ್ಲಿ ಗೊರಕೆ ಹೊಡೆಯುತ್ತೇವೆ. ಸಮುದ್ರಕ್ಕಿಂತ ಎತ್ತರದಲ್ಲಿ ಹುಟ್ಟಿದವರು ಊರು ಹೊತ್ತುಕೊಂಡು ಓಡುತ್ತಾರೆ. ಅಷ್ಟೇ ಅಲ್ಲ. ಶತಮಾನಗಳ ಹಿಂದೆ ಇಲ್ಲಿಂದ ಹೋದ ವ್ಯಾಪಾರಿ ಹಡಗುಗಳು, ಲವಂಗದ ಬೆಲೆ ಇಳಿಯದಿರಲೆಂದು, ದ್ವೀಪದಿಂದ ದ್ವೀಪಕ್ಕೆ ಮರಗಳನ್ನು ಕಡಿಸುತ್ತ ಹೋದವಂತೆ. ಒಂದೊಂದು ಮರಕ್ಕೂ ಒಂದೊಂದು ಮಗುವಿನ ಹೆಸರಿದ್ದರೆ ಆ ಕೊಡಲಿಗಳು ಕಡಿದದ್ದು ಏನನ್ನು? ಇದು ತಲೆಗೆ ಹೊಕ್ಕ ಮೇಲೆ, ಆ ವ್ಯಾಪಾರದ ದುಡ್ಡಿನಲ್ಲಿ ಎದ್ದ, ಕಾಲುವೆಯ ದಂಡೆಯ ಹಳೆಯ ಚಂದದ ಮನೆಗಳ ಮುಂದೆ ಸೈಕಲ್ ತುಳಿಯುವಾಗ ಆ ಕಿಟಕಿಗಳತ್ತ ನೋಡಲು ನನಗೆ ಹೆದರಿಕೆಯಾಗುತ್ತಿತ್ತು.

ಯೋಸಿ ಒಪ್ಪಿಗೆ ಕೇಳಿದ ಮೇಲೆ ಓಮಾ ಒಂದು ತಿಂಗಳು ನನ್ನನ್ನು ಫೋನು ಹಿಡಿಯಲು ಕರೆಯಲಿಲ್ಲ. ಶನಿವಾರದ ಫೋನು ಹೊಡೆದುಕೊಳ್ಳುವುದು ಗೋಡೆಯಾಚೆ ಕೇಳುತ್ತಿತ್ತು, ಚಪ್ಪಲಿಯ ಸದ್ದು ಮಾತ್ರ ಅದರ ಹತ್ತಿರ ಹೋಗುತ್ತಿರಲಿಲ್ಲ. ನನ್ನ ಗಂಡ ರಘುವಿನದು ಸುಲಭದ ತೀರ್ಮಾನ: “ಎಂತ ಮಾರಾಯ್ತಿ, ಒಂದು ಮರ ಅಲ್ವಾ? ಊರೇ ಮುಳುಗ್ತಾ ಉಂಟು ಅಲ್ಲಿ.” ಸರಿಯೇ. ಆದರೆ ಅದು ತನ್ನ ಪ್ರಾಣವೆಂದು ನಂಬಿದವರ ಹತ್ತಿರ ಇದನ್ನು ಹೇಳಿ ನೋಡಿ. ಕಡಿಯಿರಿ ಎಂದರೆ ತಾನಿಲ್ಲ, ಬೇಡವೆಂದರೆ ಊರಿಲ್ಲ. ಅತ್ತ ದರಿ, ಇತ್ತ ಪುಲಿ.

ಆಮೇಲೊಂದು ಮಧ್ಯಾಹ್ನ ಕಾಫಿ ಕುಡಿಯುತ್ತ ನಾನು ಯಾಕೋ ನಮ್ಮ ಉಡುಪಿಯ ಕಡೆಯ ಕೆಡ್ಡಸದ ಮಾತು ತೆಗೆದೆ: ಭೂಮಿತಾಯಿ ಮುಟ್ಟಾಗಿ ವಿಶ್ರಮಿಸುವ ಮೂರು ದಿನ, ಹಾರೆ ಹಾಕಬಾರದು, ಹಸಿ ಗಿಡಕ್ಕೆ ಕತ್ತಿ ತಾಗಿಸಬಾರದು, ನಾಲ್ಕನೆಯ ದಿನ ಅವಳಿಗೆ ಎಣ್ಣೆ ಅರಸಿನ ಕೊಟ್ಟು ಕೆಲಸಕ್ಕೆ ತೊಡಗಬೇಕು. ನನ್ನ ಮುರುಕು ಡಚ್ಚಿನಲ್ಲಿ ಎಷ್ಟು ತಲುಪಿತೋ ಏನೋ, ಓಮಾ ಕಪ್ಪು ಕೆಳಗಿಟ್ಟರು.

“ಕಡಿಯಲೇಬಾರದು ಅಂತ ಅಲ್ಲ ಅಲ್ವಾ, ಮಗಾ? ಈಗ ಕಡಿಯಬಾರದು ಅಂತ.”

“ಹೌದು ಓಮಾ. ಅವಳ ದಿನ ಮುಗಿಯುವವರೆಗೆ ಕಾಯಬೇಕು, ಅಷ್ಟೇ.”

ಆ ಶನಿವಾರ ಓಮಾ ಯೋಸಿಯೊಡನೆ ತಮ್ಮ ಭಾಷೆಯಲ್ಲಿ ಮಾತಾಡಿ, ಬಳಿಕ ನನಗೆ ತಿಳಿಸಿದರು: “ಮರದಲ್ಲಿ ಈಗ ಮೊಗ್ಗಿದೆ, ಅದು ಹಡೆಯಲಿ, ಕೊಯಿಲು ಮುಗಿಯಲಿ, ಆಮೇಲೆ ದಾರಿ ಮಾಡಿಕೊಳ್ಳಿ ಎಂದೆ ಅವಳಿಗೆ.” ಫೋನಿನೊಳಗೆ ಯೋಸಿ ಅಳುತ್ತಿದ್ದಳು. ಓಮಾ ಮಾರುಕಟ್ಟೆಯಿಂದ ಬಂದವರಷ್ಟು ಸಹಜವಾಗಿದ್ದರು, ಅದೇ ನನ್ನನ್ನು ಹೆಚ್ಚು ಕಂಗೆಡಿಸಿತು. ಈ ಮುದುಕಿಯ ಕೈಗೆ ಒಪ್ಪಿಗೆಯ ದಾರಿ ಕೊಟ್ಟವಳು ನಾನಲ್ಲವೇ ಎಂದು ಅನ್ನ ರುಚಿಸಲಿಲ್ಲ.

ಮರ ಬಿದ್ದದ್ದು ನವೆಂಬರಿನಲ್ಲಿ. ಅಲ್ಲಿ ನಡುಮಧ್ಯಾಹ್ನ ಕಳೆದಿತ್ತು, ಇಲ್ಲಿ ಬೆಳಿಗ್ಗೆ, ನಾನು ಆಮ್ಸ್ಟರ್‌ಡ್ಯಾಮಿನ ರೈಲು ಹಿಡಿಯಲು ಬಾಗಿಲು ತೆಗೆದರೆ ಮೆಟ್ಟಿಲ ತುಂಬ ಲವಂಗದ ವಾಸನೆ. ಒಣ ಮಸಾಲೆಯದಲ್ಲ, ಹಸಿ ತೊಗಟೆ ಸೀಳಿದಂಥ, ಗಂಟಲು ಹಿಡಿಯುವ ವಾಸನೆ. ಈ ತಿಂಗಳು ಊರಿನ ಬೇಕರಿಗಳೆಲ್ಲ ಹಬ್ಬದ ಮಸಾಲೆ ಬಿಸ್ಕತ್ತು ಸುಡುತ್ತವೆ, ಅದೇ ಇರಬೇಕು ಎಂದು ಮನಸ್ಸಿಗೆ ಹೇಳಿದೆ. ಮನಸ್ಸು ಒಪ್ಪಿತು, ಕಾಲು ಒಪ್ಪಲಿಲ್ಲ. ಗೋಡೆಯಾಚೆ ಚಪ್ಪಲಿಯ ಸದ್ದಿರಲಿಲ್ಲ. ಓಮಾ ನನಗೆ ಕೊಟ್ಟಿದ್ದ ಕೀಲಿಯನ್ನು ತಿರುಗಿಸಿ, ದೇವರೇ ಎನ್ನುತ್ತ ಒಳಗೆ ಹೋದೆ.

ಓಮಾ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಎದುರಿಗೆ ಎರಡು ಕಪ್ಪು ಕಾಫಿ.

“ಬದುಕಿದ್ದೇನೆ, ಹೆದರಬೇಡ,” ಎಂದರು. “ಇಷ್ಟು ವರ್ಷ ನನ್ನ ಸಾವು ಅಲ್ಲಿತ್ತು, ಆ ಗುಡ್ಡದ ಮೇಲೆ. ನಾನಿಲ್ಲಿ ನಿಶ್ಚಿಂತೆಯಾಗಿದ್ದೆ. ಈಗ ಅದಕ್ಕೆ ಅಲ್ಲಿ ಜಾಗ ಇಲ್ಲ, ಇಲ್ಲಿಗೆ ಬಂದಿದೆ.” ಎದುರಿನ ಖಾಲಿ ಕುರ್ಚಿಯನ್ನು ಕಣ್ಣಿನಿಂದ ತೋರಿಸಿದರು. “ಅಲ್ಲಿ ಕೂರಬೇಡ. ಈಚೆ ಬಾ.”

ಎರಡನೆಯ ಕಪ್ಪು ನನಗಾಗಿ ಇಟ್ಟದ್ದಲ್ಲವೆಂದು ಆಗ ಗೊತ್ತಾಯಿತು.

ಗುಡ್ಡದ ಮೇಲೆ ಈಗ ಶಾಲೆ ನಡೆಯುತ್ತಿದೆ, ನರ್ಸು ವಾರಕ್ಕೊಮ್ಮೆ ಬರುತ್ತಾಳೆ. ಯೋಸಿ ದಾರಿಯಂಚಿಗೆ ಉರುಳಿಸಿಟ್ಟ ಮರದ ಬೊಡ್ಡೆಯ ಮೇಲೆ ಕೂತು ಫೋನು ಮಾಡುತ್ತಾಳೆ, ಅವಳ ಹಿಂದೆ ಬರೀ ಆಕಾಶ. ಕೊನೆಯ ಕೊಯಿಲಿನ ಲವಂಗ ದೋಣಿ, ವಿಮಾನ ಹತ್ತಿ ಬಂದು ಅರ್ಧ ಈ ಭರಣಿ ಸೇರಿತು. “ನಿನ್ನ ಅಡುಗೆಗೆ,” ಎಂದರು ಓಮಾ. ಅವರ ಪಾಲಿನದು ಆಗಲೇ ಮುಗಿದಿದೆ, ಇನ್ನು ಆ ಮರದ ಮೊಗ್ಗೆಂದು ಲೋಕದಲ್ಲಿ ಉಳಿದಿರುವುದು ನನ್ನ ಕಿಟಕಿಯ ಮೇಲಿರುವುದಷ್ಟೇ. ರಘು ಒಂದು ದಿನ ಪುಲಾವಿಗೆಂದು ಮುಷ್ಟಿ ತುಂಬ ತೆಗೆದಾಗ ನಾನು ಕಿರುಚಿದ ರೀತಿಗೆ ಅವರು ಇವತ್ತಿಗೂ ಭರಣಿ ಮುಟ್ಟುವುದಿಲ್ಲ.

ನಿನ್ನೆ ಮಳೆಯಲ್ಲಿ ನೆನೆದು ಬಂದೆ. ಮಗಳಿಗೆ ಕೆಮ್ಮು, ಕಷಾಯಕ್ಕೆ ಒಂದು ಲವಂಗ ಬೇಕಿತ್ತು. ಭರಣಿಯತ್ತ ಚಾಚಿದ ಕೈ ತಾನಾಗಿ ಹಿಂದಕ್ಕೆ ಬಂದು ತಲೆಯ ಉಣ್ಣೆಯ ಟೋಪಿ ತೆಗೆಯಿತು. “ಅಮ್ಮಾ, ವಾಟ್ ಆರ್ ಯು ಡೂಯಿಂಗ್?” ಎಂದಳು ಮಗಳು. “ಶ್, ಮೆಲ್ಲ,” ಎಂದೆ. ಒಂದೇ ಒಂದು ಮೊಗ್ಗು ತೆಗೆದು ಮುಚ್ಚಳ ಹಾಕಿ, ಗೋಡೆಗೆ ಕಿವಿಯಿಟ್ಟು ನಿಂತೆ. ಆಚೆ ಚಪ್ಪಲಿ ಸರಬರ ಎನ್ನುವವರೆಗೆ ಲವಂಗವನ್ನು ನೀರಿಗೆ ಹಾಕಲಿಲ್ಲ.