ಲಾಭ, ಎರಡು...

ಸುಳ್ಳು ಕಟ್ಟಿ ಹೇಳುವವನು ಕಥೆಯಲ್ಲಿ ತನ್ನನ್ನು ಒಳ್ಳೆಯವನ ಹಾಗೆ ತೋರಿಸಿಕೊಳ್ಳುತ್ತಾನೆ. ಇದರಲ್ಲಿ ನಾನು ಒಳ್ಳೆಯವನಾಗಿ ಕಾಣುವುದಿಲ್ಲ. ಇದು ನಿಜವಾಗಿ ನಡೆದದ್ದು ಅನ್ನುವುದಕ್ಕೆ ನನ್ನ ಹತ್ತಿರ ಇರುವ ಸಾಕ್ಷಿ ಅದೊಂದೇ.

ಬೆಟಗೇರಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಹೆಸರು ಮಲ್ಲಿಕಾರ್ಜುನ, ಮನೆಯವರಿಗೆಲ್ಲ ಮಲ್ಲು. ಎರಡು ವರ್ಷದ ಹಿಂದೆ, ಶ್ರಾವಣದಲ್ಲಿ, ಲಕ್ಷ್ಮೇಶ್ವರದ ಚಿಕ್ಕಪ್ಪನ ಮನೆಯವರು, ಮುಂಡರಗಿಯ ತಂಗಿಯ ಮನೆಯವರು, ನಾವು, ಎಲ್ಲ ಸೇರಿ ಹನ್ನೊಂದು ಜನ ಕಪ್ಪತಗುಡ್ಡ ಹತ್ತಲು ಹೋದೆವು. ಅದು ಅಪ್ಪನ ಹಟ.

"ಜಲಪಾತ ನೋಡಾಕ ಮಲೆನಾಡಿಗೇ ಯಾಕ ಹೋಗಬೇಕಲೇ? ಮಳಿ ಬಿದ್ದ ನಾಕ ದಿನಕ್ಕ ನಮ್ಮ ಗುಡ್ಡದಾಗೂ ನೀರ ಧುಮುಕತೈತಿ" ಅಂದಿದ್ದ.

ದಾರಿ ತೋರಿಸಲು ಗುಡ್ಡದ ಬುಡದ ಊರಿನ ಫಕೀರಪ್ಪ ಎಂಬುವನನ್ನು ಗೊತ್ತು ಮಾಡಿದ್ದೆವು. ಐವತ್ತು ದಾಟಿದ ಒಣಕಲು ಮನುಷ್ಯ. ಹೊರಡುವ ಮೊದಲು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಕೋಲು ತೋರಿಸುತ್ತ ಎಣಿಸಿದ. "ಲಾಭ... ಎರಡ... ಮೂರ... ನಾಕ..."

ತಂಗಿಯ ಮಗಳು ಪಿಂಕಿಗೆ ನಗು. "ಮಾಮಾ, ಒಂದು ಎಲ್ಲಿ ಹೋತು?"

ಕಣದಲ್ಲಿ ಜೋಳ ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಫಕೀರಪ್ಪ ಹರೆಯದಿಂದಲೂ ಕಣಗಳಲ್ಲಿ ಕಾಳು ಅಳೆದವನು, ಅವನ ಬಾಯಲ್ಲಿ ಒಂದು ಎಂಬ ಅಂಕಿಯೇ ಇರಲಿಲ್ಲ. "ಮಂದೀನೂ ರಾಶಿ ಇದ್ದಂಗ ತಂಗಿ. ಲಾಭ ಅಂತ ಸುರು ಮಾಡಿದ್ರ ಕಡಿಮಿ ಬೀಳಂಗಿಲ್ಲ" ಅಂದ. ಹುಡುಗರು ದಾರಿಯುದ್ದಕ್ಕೂ ಅದನ್ನೇ ಹಾಡಿನ ಹಾಗೆ ಹೇಳುತ್ತ ನಡೆದರು.

ನನಗೆ ಅಂದು ಒಂದೇ ಕೆಲಸ ಒಪ್ಪಿಸಿದ್ದರು. ಶಾಂತವ್ವತ್ತಿಯ ಜೊತೆಗಿರುವುದು.

ಅತ್ತಿ ಅಪ್ಪನ ಅಕ್ಕ. ಅವ್ವ ತೀರಿಕೊಂಡಾಗ ನನಗೆ ಆರು ವರ್ಷ. ಅಂದಿನಿಂದ ನನ್ನನ್ನು ಉಣಿಸಿ, ತಲೆ ಬಾಚಿ, ಶಾಲೆಗೆ ಕಳಿಸಿ ಬೆಳೆಸಿದವಳು ಅವಳೇ. ಈಗ ಎಪ್ಪತ್ತರ ಹತ್ತಿರ. ಗಟ್ಟಿ ಜೀವ, ಆದರೆ ಇರುಳುಗಣ್ಣು. ಹೊತ್ತು ಮುಳುಗಿತೆಂದರೆ ತನ್ನ ಕೈಯೇ ತನಗೆ ಕಾಣದು.

"ಅಕ್ಕನ ಕೈ ಬಿಡಬ್ಯಾಡ ನೋಡು" ಎಂದು ಅಪ್ಪ ಮೂರು ಸಲ ಹೇಳಿದ್ದ.

ಬೆಳಿಗ್ಗೆ ಹತ್ತುವಾಗ ಕೈ ಹಿಡಿದೇ ನಡೆದೆ. ಜಲಪಾತದ ಹತ್ತಿರ ಎಲ್ಲರೂ ನೀರಿಗಿಳಿದರು, ನಾನು ದಂಡೆಯಲ್ಲಿ ಅವಳ ಪಕ್ಕ ಕುಳಿತೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಉಂಡೆವು. ಅವಳಿಗೆ ಸಂಭ್ರಮವೋ ಸಂಭ್ರಮ. ಪ್ರತಿ ಗಿಡಕ್ಕೂ ನಿಂತು ಎಲೆ ಹರಿದು ಮೂಸಿ, "ಇದು ಕೆಮ್ಮಿಗೆ ಬರತೈತಿ" ಅನ್ನುವಳು. ನನಗೋ ಮಧ್ಯಾಹ್ನದ ಹೊತ್ತಿಗೆ ಸಾಕಾಗಿಹೋಗಿತ್ತು. ಎಲ್ಲರದೂ ಒಂದು ದಾರಿ, ನನ್ನದೊಂದು ದಾರಿ. ಈಗ ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ಐದೂವರೆಗೆ ಇಳಿಯಲು ಹೊರಟೆವು. ಮೋಡ ಗುಡ್ಡದ ಮೇಲೆಯೇ ಕೂತುಬಿಟ್ಟಿತ್ತು. ತುದಿಯ ಗಾಳಿಫ್ಯಾನುಗಳು ಕಾಣುತ್ತಿರಲಿಲ್ಲ, ಅವುಗಳ ರೆಕ್ಕೆಯ ಸಪ್ಪಳ ಮಾತ್ರ... ಭುಂಯ್... ಭುಂಯ್... ಎಂದು ಬರುತ್ತಿತ್ತು. ಸಣ್ಣ ಹನಿ ಶುರುವಾಗಿತ್ತು.

ಒಂದು ದೊಡ್ಡ ಬಂಡೆಯ ಹತ್ತಿರ ಅತ್ತಿ ನನ್ನ ಅಂಗಿ ಜಗ್ಗಿದಳು. ಮುಂದಿನವರಿಗೆ ಕೇಳದ ಹಾಗೆ ಮೆಲ್ಲಗೆ, "ಮಲ್ಲೂ, ಈ ಬಂಡಿ ಹಿಂದ ಹೋಗಿ ಬರ್ತೀನೋ. ನೀ ಇಲ್ಲೇ ಇರ್ತಿ ಹೌದಿಲ್ಲೋ?"

"ಇಲ್ಲೇ ಕುಂತಿರ್ತೀನಿ. ಜಲ್ದಿ ಬಾ."

ಅವಳಿಗೆ ಬೆನ್ನು ಮಾಡಿ ಬಂಡೆಯ ಮೇಲೆ ಕೂತೆ. ಎರಡು ನಿಮಿಷ, ಮೂರು ನಿಮಿಷ. ಹನಿ ಜೋರಾಯಿತು. ಮುಂದಿನಿಂದ ಹೆಂಡತಿ ರೇಣುಕಾ, "ಬರ್ರೀ ಜಲ್ದಿ" ಎಂದು ಕೂಗಿದಳು. ದಾರಿ ಒಂದೇ ಇದೆ, ಬರುತ್ತಾಳೆ ಬಿಡು, ಅಂದುಕೊಂಡೆ. ಎದ್ದೆ. ನಡೆದೆ.

ಒಂದು ಸಲ "ಮಲ್ಲೂ" ಎಂದು ಕೇಳಿದ ಹಾಗಾಯಿತು. ನೀರಿನ ಸಪ್ಪಳ ಎಂದು ನನಗೆ ನಾನೇ ಹೇಳಿಕೊಂಡೆ.

ಸ್ವಲ್ಪ ದೂರ ಹೋದಮೇಲೆ ಮಂಜಿನಲ್ಲಿ ಒಬ್ಬರಿಗೊಬ್ಬರು ಕಾಣದಾಯಿತು. ಮುಂದಿನಿಂದ ಫಕೀರಪ್ಪ ಕೂಗಿದ. "ನಿಂತಲ್ಲೇ ನಿಂತು ಸಾಲಿನ್ಯಾಗ ಒಬ್ಬೊಬ್ಬರ ಎಣಿಕಿ ಹೇಳ್ರಿ! ಹೂಂ... ಲಾಭ!"

ಅವನು ಲಾಭ ಎಂದದ್ದು ನಮಗೆ ಶುರು ಮಾಡಿಕೊಡಲು. ಅವನ ಹಿಂದಿದ್ದ ಪಿಂಕಿ ತಾನು "ಲಾಭ" ಅನ್ನಬೇಕಿತ್ತು. ಅದು ಆಯಿತಲ್ಲ ಎಂದುಕೊಂಡು "ಎರಡ!" ಎಂದಳು. ಅವಳ ಹಿಂದಿನವರು ಮೂರು, ನಾಲ್ಕು... ಕೊನೆಗೆ ನನ್ನ ಮುಂದಿದ್ದ ರೇಣುಕಾ "ಹತ್ತ" ಎಂದಳು. ಸಾಲಿನ ಕಟ್ಟಕಡೆಯಲ್ಲಿದ್ದ ನಾನು "ಹನ್ನೊಂದ" ಎಂದೆ.

ಹತ್ತು ಜನರಿಗೆ ಹನ್ನೊಂದು ಬಂತು. ಎಣಿಕೆ ಕಡಿಮೆ ಬೀಳಲಿಲ್ಲ.

"ಎಲ್ಲಾರೂ ಬಂದ್ರಿಲ್ರೀ, ಮಲ್ಲಣ್ಣಾರ?" ಎಂದು ಫಕೀರಪ್ಪ ಕೇಳಿದ. "ಹೂಂ, ನಡೀರಿ" ಎಂದೆ. ಅತ್ತಿ ಹೇಗೋ ಮುಂದೆ ಹೋಗಿ ಸೇರಿಕೊಂಡಿರಬೇಕು ಅನ್ನಿಸಿತು. ಎಣಿಕೆಯಲ್ಲಿ ಅವಳ ದನಿ ಕೇಳಿದೆನೇ? ಇಲ್ಲ. ಹಿಂತಿರುಗಿ ನೋಡಿದೆನೇ? ಇಲ್ಲ. ಹನ್ನೊಂದು ಅಂದಕೂಡಲೇ ನನ್ನ ತಲೆಯ ಮೇಲಿನ ಭಾರ ಇಳಿದಿತ್ತು, ಅಷ್ಟೇ ಸಾಕಾಗಿತ್ತು ನನಗೆ.

ಕೆಳಗೆ ಗಾಡಿಯ ಹತ್ತಿರ ಬಂದಾಗ ಪೂರ್ತಿ ಕತ್ತಲೆ. ಒಬ್ಬೊಬ್ಬರೇ ಹತ್ತಿ ಕೂತರು. ರೇಣುಕಾ ಬಾಗಿಲಲ್ಲಿ ನಿಂತು, "ಅತ್ತಿ ಎಲ್ಲೆ?" ಎಂದಳು.

ಅಪ್ಪ ನನ್ನ ಕಡೆ ತಿರುಗಿದ. "ನಿನ್ನ ಜೋಡಿ ಇದ್ಲಲ್ಲೋ..."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬಿಟ್ಟು ಬಂದೆ ಎಂದು ಹೇಳಲು ನಾಲಿಗೆ ಏಳಲಿಲ್ಲ. ಬಂದದ್ದು ಸುಳ್ಳು.

"ಕಾಲ ನೋವು ಅಂದ್ಲಪ್ಪಾ. ಮ್ಯಾಲ ಬಂಡಿ ಹತ್ರ ಒಬ್ಬ ಕುರಿ ಕಾಯೋ ಮುದುಕ ಇದ್ದ, ಆತನ ಕಡೆ ಕುಂಡ್ರಿಸಿ ಬಂದೀನಿ. ಬ್ಯಾಟರಿ ತಗೊಂಡು ಹೋಗಿ ಕರಕೊಂಡು ಬಂದ್ರಾತು ಅಂತ..."

ಹೇಳುವಾಗ ಕಣ್ಣ ಮುಂದೆ ಕರಿ ಕಂಬಳಿ ಹೊದ್ದ ಒಬ್ಬ ಮುದುಕ ಬಂದ. ಎಲ್ಲಿಂದ ಬಂದನೋ ಗೊತ್ತಿಲ್ಲ. ಕಂಬಳಿಯ ಮಾತು ನಾನು ಬಾಯಿಬಿಟ್ಟು ಹೇಳಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

"ಹಂಗಾರ ಚಿಂತಿಲ್ಲ" ಎಂದು ಅಪ್ಪ ಉಸಿರುಬಿಟ್ಟ. ಫಕೀರಪ್ಪ ಮಾತ್ರ ನನ್ನನ್ನು ಒಂದು ಗಳಿಗೆ ನೋಡಿದ.

ಬ್ಯಾಟರಿ ಹಿಡಿದು ನಾವಿಬ್ಬರೇ ಮತ್ತೆ ಹತ್ತಿದೆವು. ಸ್ವಲ್ಪ ದೂರ ಹೋದಮೇಲೆ ಅವನು ತಗ್ಗಿದ ದನಿಯಲ್ಲಿ ಅಂದ, "ಮಲ್ಲಣ್ಣಾರ, ಆ ಕಡೆ ಯಾರೂ ಕುರಿ ಹೊಡಕೊಂಡು ಬರಂಗಿಲ್ರಿ. ಎಂದೂ ಬಂದಿಲ್ಲ."

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ, "ಇದ್ದರೀ, ನಾ ಕಣ್ಣಾರೆ ನೋಡೀನಿ" ಎಂದೆ.

ಆ ಒಂದು ತಾಸು ನಾನು ಪಟ್ಟ ಪಾಡು ನನಗೇ ಗೊತ್ತು. ಬಂಡೆಯ ಆಚೆ ಹತ್ತು ಹೆಜ್ಜೆಗೆ ಕೊಳ್ಳ. ಕಣ್ಣು ಕಾಣದ ಮುದುಕಿ, ಜಾರುವ ಕಲ್ಲು, ಮಳೆ. ನನ್ನನ್ನು ಹುಡುಕುತ್ತ ಕೈ ಚಾಚಿಕೊಂಡು ಒಂದು ಹೆಜ್ಜೆ ಆ ಕಡೆ ಇಟ್ಟಿದ್ದರೆ... ಬೇಡುವ ದೇವರನ್ನೆಲ್ಲ ಬೇಡಿಕೊಂಡೆ. "ಅತ್ತೀ..." ಎಂದು ಕೂಗಿದರೆ ನೀರಿನ ಸಪ್ಪಳವೊಂದೇ ತಿರುಗಿ ಬರುತ್ತಿತ್ತು.

ಬಂಡೆ ಹತ್ತಿರವಾದಾಗ ಮೊದಲು ಬಂದದ್ದು ವಾಸನೆ. ತೋಯ್ದ ಕಂಬಳಿಯ ವಾಸನೆ.

ಬ್ಯಾಟರಿಯ ಬೆಳಕು ಬಿತ್ತು. ಅತ್ತಿ ಬಂಡೆಯ ಮೇಲೆ ಕಾಲು ಮಡಚಿ ಕೂತಿದ್ದಳು. ನಾನು ಕೂತಿದ್ದ ಜಾಗದ ಪಕ್ಕದಲ್ಲೇ. ಮುಖದಲ್ಲಿ ಗಾಬರಿ ಇರಲಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಫಕೀರಪ್ಪ ಕೇಳಿದ. "ಯವ್ವಾ, ಮಲ್ಲಣ್ಣಾರು ನಿನ್ನ ಒಬ್ಬ ಮುದುಕನ ಕಡೆ ಕುಂಡ್ರಿಸಿ ಬಂದಿದ್ರಂತಲ್ಲ, ಆತ ಎಲ್ಲೆ?"

ಅತ್ತಿ ನಾವಿದ್ದ ಕಡೆ ಮುಖ ಎತ್ತಿದಳು.

"ಇಷ್ಟೊತ್ತನಾ ಇಲ್ಲೇ ಇದ್ದ" ಎಂದಳು. "ಈಗ ಎದ್ದು ಹ್ವಾದ."

ನನ್ನ ಸುಳ್ಳಿಗೆ ಹೆಗಲು ಕೊಟ್ಟಳು ಎಂದುಕೊಂಡೆ. ಬದುಕಿದೆ ಅನ್ನಿಸಿತು, ನಾಚಿಕೆಯಿಂದ ಸತ್ತೆ ಅಂತಲೂ ಅನ್ನಿಸಿತು. ಕೈ ಹಿಡಿದು ಎಬ್ಬಿಸಿದೆ. ಆಗ ಅವಳು, "ಮಳಿ ಬಂತಂತ ತನ್ನ ಕಂಬಳಿ ನನಗ ಹೊಚ್ಚಿದ್ದ ನೋಡೋ" ಎಂದಳು.

ಅವಳ ಸೀರೆ ಮುಟ್ಟಿದೆ. ಸೆರಗು, ಬೆನ್ನು, ತಲೆ... ಒಣಗಿದ್ದವು. ಒಂದು ತಾಸಿಗೂ ಹೆಚ್ಚು ಮಳೆ ಸುರಿದಿತ್ತು, ನಾನು ಒಳಗಿನ ಬನಿಯನ್ನಿನ ತನಕ ತೊಯ್ದಿದ್ದೆ.

ಬ್ಯಾಟರಿ ತಿರುಗಿಸಿದೆ. ಇಡೀ ಬಂಡೆ ನೀರಿನಿಂದ ಹೊಳೆಯುತ್ತಿತ್ತು. ಅತ್ತಿ ಕೂತಿದ್ದಲ್ಲಿ ಒಣಗಿದ ಒಂದು ಗುರುತು. ಅದರ ಪಕ್ಕದಲ್ಲಿ, ನಾನು ಕೂತು ಎದ್ದು ಹೋಗಿದ್ದ ಜಾಗದಲ್ಲಿ, ಇನ್ನೊಂದು. ನಾವು ನೋಡುತ್ತಿದ್ದ ಹಾಗೆ ಅದರ ಮೇಲೆ ಹನಿ ಬೀಳತೊಡಗಿದವು...

ಫಕೀರಪ್ಪ ನನ್ನ ಕೈಯ ಬ್ಯಾಟರಿಯನ್ನು ದಾರಿಯ ಕಡೆ ತಿರುಗಿಸಿದ. "ನಡೀರಿ. ಹೊಳ್ಳಿ ನೋಡಬ್ಯಾಡ್ರಿ."

ಇಳಿಯುವ ಮುನ್ನ ಅವನು ಅಭ್ಯಾಸಬಲದಿಂದ ತನ್ನನ್ನೂ ಸೇರಿಸಿ ಮೆಲ್ಲಗೆ ಎಣಿಸಿದ. "ಲಾಭ, ಎರಡ, ಮೂರ..." ಅಲ್ಲಿಗೆ ನಿಂತ. ಮತ್ತೇನನ್ನೋ ಕೇಳಿಸಿಕೊಳ್ಳುವವನ ಹಾಗೆ ತಲೆ ವಾರೆ ಮಾಡಿದ. ಆಮೇಲೆ ಬಿರಬಿರನೆ ನಡೆದ.

ಅಂದಿನಿಂದ ಮನೆಯಲ್ಲಿ ನನಗೆ ಒಳ್ಳೆಯ ಹೆಸರು. ಮುಂಡರಗಿಯ ಬೀಗರ ಮುಂದೆ, ಓಣಿಯ ಹೆಂಗಸರ ಮುಂದೆ ಅತ್ತಿ ಹೇಳುವುದು ಒಂದೇ ಮಾತು, "ನಮ್ಮ ಮಲ್ಲು ನನ್ನ ಕಾಯಾಕ ಒಬ್ಬನ್ನ ಇಟ್ಟು ಹೋಗಿದ್ದ, ಅದಕ್ಕ ಉಳದೆ." ನಾನು ಹಲ್ಲು ಕಚ್ಚಿ ಕೇಳಿಸಿಕೊಳ್ಳುತ್ತೇನೆ.

ಹೋದ ತಿಂಗಳು ಒಂದು ಸಂಜೆ ಕರೆಂಟು ಹೋಯಿತು. ಅತ್ತಿಯ ಕೈ ಹಿಡಿದು ಹಾಸಿಗೆಗೆ ಕರೆದೊಯ್ದೆ. ಮನೆಯಲ್ಲಿ ನಾವಿಬ್ಬರೇ. ಕೂತವಳು ನನ್ನ ಕೈ ಬಿಡಲಿಲ್ಲ.

"ಮಲ್ಲೂ, ಆ ಮುದುಕನ್ನ ನೀ ನೋಡಿದ್ದೇನೋ?"

ಈಗಲಾದರೂ ಹೇಳಬೇಕಿತ್ತು. "ನೋಡಿದ್ದೆ ಅತ್ತಿ" ಎಂದೆ.

ಕತ್ತಲೆಯಲ್ಲಿ ಅವಳು ನಕ್ಕ ಹಾಗಾಯಿತು. "ನಾ ಬಂಡಿ ಹಿಂದಿಂದ ಬಂದಾಗ ಇನ್ನಾ ಬೆಳಕಿತ್ತು. ನೀ ಹೊಂಟಿದ್ದಿ, ನಿನ್ನ ಬೆನ್ನ ಕಾಣ್ತಿತ್ತು. ಮಲ್ಲೂ ಅಂತ ಕರದೆ. ನೀ ನಿಲ್ಲಲಿಲ್ಲ. ಅಷ್ಟರಾಗ ಯಾರೋ ಬಂದು ನೀ ಎದ್ದ ಜಾಗಾದಾಗ ಕುಂತ್ರು. ಎಲ್ಲಿಂದ ಬಂದ್ರೋ ತಿಳೀಲಿಲ್ಲ."

ಕೈ ಬಿಡಿಸಿಕೊಳ್ಳಲು ನೋಡಿದೆ, ಅವಳು ಬಿಡಲಿಲ್ಲ.

"ಆಮ್ಯಾಲ ಕಣ್ಣ ಕಟ್ಟಿತು. ಅಂಜಿಕಿ ಆತು. ಯಪ್ಪಾ, ಯಾರ ಅದೀರಿ ಇಲ್ಲೆ ಅಂತ ಕೇಳಿದೆ. ಹೆಸರ ಹೇಳಲಿಲ್ಲ. ನನ್ನ ಕೈ ಮ್ಯಾಲ ಕೈ ಇಟ್ಟು, ಲಾಭ, ಅಂದ. ತನ್ನ ಎದಿ ಬಡಕೊಂಡು, ಎರಡ, ಅಂದ. ಅಷ್ಟ. ಆ ಕೈ ಹಳ್ಳದ ಕಲ್ಲಿನಷ್ಟ ತಣ್ಣಗಿತ್ತು. ಆದ್ರ ನೀವು ಬರೂತನಾ ಬಿಡಲಿಲ್ಲ."

"ಅತ್ತೀ... ಮತ್ತ ಎಲ್ಲಾರ ಮುಂದ ನನ್ನ ಹೆಸರ ಯಾಕ..."

"ಆರು ವರ್ಷದಾವ ಇದ್ದಾಗಿಂದ ಸಾಕಿದ ಕೂಸು ಬಿಟ್ಟು ಹ್ವಾದ ಅಂತ ನಿಮ್ಮಪ್ಪಗ ಹ್ಯಾಂಗ ಹೇಳ್ಲೋ?" ಎಂದಳು. ಸಿಟ್ಟಿಲ್ಲದ ದನಿ. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

ಅವಳ ಕಾಲ ಹತ್ತಿರ ಕೂತು ಅತ್ತೆ. ಅವಳು ತಲೆ ಸವರಿದಳು. ಕರೆಂಟು ಬಂತು, ಕಣ್ಣೊರೆಸಿಕೊಂಡು ಎದ್ದೆ.

ಅಲ್ಲಿ ಕೂತಿದ್ದವನು ಯಾರು, ಫಕೀರಪ್ಪನ ಎಣಿಕೆ ಅವನಿಗೆ ಹೇಗೆ ಗೊತ್ತಾಯಿತು, ನನಗೆ ತಿಳಿಯದು. ಇವತ್ತಿಗೂ ಮಳೆಯಲ್ಲಿ ಯಾರಾದರೂ ತೊಯ್ದ ಕಂಬಳಿ ಹೊದ್ದು ಅಂಗಡಿಯ ಮುಂದೆ ನಿಂತರೆ ತಲೆ ತಗ್ಗಿಸಿ ಝೆರಾಕ್ಸ್ ಕಡೆ ತಿರುಗುತ್ತೇನೆ. ಮುಖ ನೋಡುವ ಧೈರ್ಯ ಬರುವುದಿಲ್ಲ.

ಕರೆಂಟು ಹೋದ ಆ ಸಂಜೆಯ ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಹೊಸ ಬಾಡಿಗೆಯವರು ಮಾತಾಡಿಸಲು ಬಂದಿದ್ದರು. ನಾನು ಚಹಾ ತಂದುಕೊಟ್ಟೆ. ಗುಡ್ಡದ ಮಾತು ಬಂತು. ಅತ್ತಿ ನನ್ನ ಕಡೆ ಒಂದು ಸಲ ನೋಡಿ, ಅವರ ಕಡೆ ತಿರುಗಿದಳು.

"ನಮ್ಮ ಮಲ್ಲು ನನ್ನ ಕಾಯಾಕ ಒಬ್ಬನ್ನ ಇಟ್ಟು ಹೋಗಿದ್ದರಿ" ಎಂದಳು. "ಅದಕ್ಕ ಉಳದೆ."