ಕುಸುಬಿ ಎಣ್ಣೆಯ ಶೇಂದೂರ

ಕಿತ್ತಳೆ ಬಣ್ಣವನ್ನು ನಾನು ನಂಬುವುದಿಲ್ಲ. ಕೆಂಪು ಕೆಂಪಾಗಿರುತ್ತದೆ, ಹಳದಿ ಹಳದಿಯಾಗಿರುತ್ತದೆ. ಇದು ಮಾತ್ರ ನಡುವೆ ನಿಂತು ಎರಡೂ ಕಡೆಗೆ ನಾನು ನಿಮ್ಮವನೇ ಎನ್ನುತ್ತದೆ. ಪುಣೆಯ ಒಬ್ಬ ಮಸಾಲೆ ವ್ಯಾಪಾರಿಯ ಗೋದಾಮಿನಲ್ಲಿ ಮೂವತ್ತು ವರ್ಷ ನಾನು ಮಾಡಿದ್ದು ಒಂದೇ ಕೆಲಸ. ಬಂದ ಮಾಲನ್ನು ಮೂಸಿ, ಹೆಬ್ಬೆರಳಲ್ಲಿ ಉಜ್ಜಿ, ನೀರಲ್ಲಿ ಹಾಕಿ, ಅಸಲಿಯೋ ನಕಲಿಯೋ ಹೇಳುವುದು. ಕೇಸರಿ ಎಂದು ಬಂದ ಡಬ್ಬಿಗಳಲ್ಲಿ ಎಷ್ಟೋ ಸಲ ಇದ್ದದ್ದು ಕುಸುಬಿಯ ಹೂವಿನ ಎಸಳು. ಬೆಚ್ಚಗಿನ ನೀರಿಗೆ ಹಾಕಿದರೆ ನಿಜವಾದ ಕೇಸರಿ ಸಾವಕಾಶವಾಗಿ ಬಣ್ಣ ಬಿಡುತ್ತದೆ. ಕುಸುಬಿ ಎಸಳಿಗೆ ಆ ತಾಳ್ಮೆ ಇಲ್ಲ, ಬಿದ್ದ ಕ್ಷಣವೇ ಎಲ್ಲವನ್ನೂ ಕಕ್ಕಿಬಿಡುತ್ತದೆ. ನಮ್ಮ ವಿಜಯಪುರದ ಕಡೆ ಬಿಳಿಜೋಳದ ಹೊಲದ ಅಂಚಿಗೆ ದನ ಬರದಿರಲೆಂದು ಮುಳ್ಳಿನ ಕುಸುಬಿ ಹಾಕುತ್ತಾರೆ. ಆ ಹೂವು ನನ್ನ ಊರಿನದೇ. ಆದರೂ ಗೋದಾಮಿನಲ್ಲಿ ಅದನ್ನು ಹಿಡಿದುಹಾಕುವಾಗ ನನಗೆ ಒಂದಿಷ್ಟೂ ಮುಲಾಜು ಇರುತ್ತಿರಲಿಲ್ಲ.

ನಿವೃತ್ತಿಯಾದರೂ ಚಟ ಹೋಗಲಿಲ್ಲ. ಮದುವೆಯ ಊಟದಲ್ಲಿ ಜಿಲೇಬಿಯನ್ನು ಬಿಳಿ ಕರವಸ್ತ್ರಕ್ಕೆ ಉಜ್ಜಿ ನೋಡುತ್ತಿದ್ದೆ. ಮಾವಿನ ಹಣ್ಣು ತೊಟ್ಟಿನ ಹತ್ತಿರ ಹಸಿರಿದ್ದು ಮೈಯೆಲ್ಲ ಕಿತ್ತಳೆಯಾಗಿದ್ದರೆ ಪುಡಿ ಹಾಕಿ ಹಣ್ಣು ಮಾಡಿದ್ದು ಎಂದು ಅಂಗಡಿಯವನ ಎದುರಿಗೇ ಹೇಳುತ್ತಿದ್ದೆ. ದಸರೆಗೆ ತಂದ ಚೆಂಡುಹೂವಿನ ಬುಟ್ಟಿಯಲ್ಲಿ ಕೈಯಾಡಿಸಿ, ಮೇಲೆ ಹೊಸದು, ಕೆಳಗೆ ನಿನ್ನೆಯದು ಎಂದು ತೋರಿಸಿಕೊಡುತ್ತಿದ್ದೆ. ಹೆಂಡತಿ ನನ್ನ ಜೊತೆ ಪೇಟೆಗೆ ಬರುವುದನ್ನೇ ಬಿಟ್ಟಿದ್ದಳು. ನಾವಿರುವ ಕೋಥರೂಡದ ಸೊಸೈಟಿಯವರು ಮಾತ್ರ ನನ್ನ ಈ ಗುಣವನ್ನು ಮೆಚ್ಚಿ ನನ್ನನ್ನೇ ಸೆಕ್ರೆಟರಿ ಮಾಡಿದರು. ಅನುಮಾನ ಪಡುವುದಕ್ಕೂ ಒಂದು ಕುರ್ಚಿ ಸಿಕ್ಕಿತೆಂದು ನನಗೆ ಒಳಗೊಳಗೇ ಖುಷಿಯಾಗಿತ್ತು.

ನಮ್ಮ ಕಟ್ಟಡದ ಹಿಂಭಾಗದಲ್ಲಿ ಒಂದು ಬೇವಿನ ಮರವಿದೆ. ಅದರ ಪಕ್ಕದಲ್ಲಿ ವಾಚ್‌ಮನ್‌ಗೆಂದು ಕಟ್ಟಿದ ತಗಡಿನ ಮಾಡಿನ ಒಂದು ಖೋಲಿ. ಆಗ ಅಲ್ಲಿದ್ದವನು ಯಾದಗಿರಿ ಕಡೆಯವನು. ಗಂಡ, ಹೆಂಡತಿ, ಏಳು ತಿಂಗಳ ಒಂದು ಹೆಣ್ಣು ಕೂಸು. ಇಡೀ ಕಟ್ಟಡದಲ್ಲಿ ಕನ್ನಡ ಮಾತಾಡುವವರು ನಾವು ಮತ್ತು ಅವರು ಇಷ್ಟೇ. ಚೈತ್ರದ ಬಿಸಿಲಿಗೆ ಆ ತಗಡು ಮಧ್ಯಾಹ್ನ ಹಂಚಿನಷ್ಟು ಕಾಯುತ್ತಿತ್ತು. ಅದಕ್ಕೇ ಅವನ ಹೆಂಡತಿ, ಇನ್ನೂ ಹುಡುಗಿಯೇ ಅವಳು, ಬೇವಿನ ಕೆಳಗಿನ ಕೊಂಬೆಗೆ ಹಳೆಯ ಸೀರೆಯಿಂದ ತೊಟ್ಟಿಲು ಕಟ್ಟಿ ಕೂಸನ್ನು ಮಲಗಿಸುತ್ತಿದ್ದಳು. ಅವಳು ಕಾಕೂ ಎಂದು ಕರೆಯುತ್ತಿದ್ದ ನನ್ನ ಹೆಂಡತಿಯೂ ಕೆಲಸ ಮುಗಿಸಿ ಅಲ್ಲಿ ಹೋಗಿ ಕೂರುತ್ತಿದ್ದಳು. ತೊಟ್ಟಿಲು ತೂಗುತ್ತ ಅವರಿಬ್ಬರೂ ಏನು ಮಾತಾಡುತ್ತಿದ್ದರೋ ನಾನು ಕೇಳಿದವನಲ್ಲ.

ಆ ವರ್ಷ ಕಮಿಟಿಯವರು ಮರದ ಕೆಳಗೆ ಸ್ಕೂಟರುಗಳಿಗೆ ಒಂದು ಶೆಡ್ಡು ಹಾಕಿಸಲು ನಿರ್ಧರಿಸಿದರು. ಅದಕ್ಕೆ ಆ ಕೆಳಗಿನ ಕೊಂಬೆ ಕಡಿಯಬೇಕಿತ್ತು. ಕೂಸಿಗೆ ಬೇಸಿಗೆ ಮುಗಿಯುವವರೆಗಾದರೂ ನೆರಳಿರಲಿ ಎಂದು ಹೆಂಡತಿ ಎರಡು ಸಲ ನನ್ನ ಹತ್ತಿರ ಹೇಳಿದಳು. ಕಮಿಟಿಯ ತೀರ್ಮಾನವನ್ನು ನನ್ನೊಬ್ಬನಿಂದ ಬದಲಿಸಲಾಗುವುದಿಲ್ಲ ಎಂದೆ. ಬದಲಿಸಬಹುದಿತ್ತು. ಆದರೆ ಸೆಕ್ರೆಟರಿಯೇ ವಾಚ್‌ಮನ್‌ನ ಪರ ನಿಂತರೆ, ಇವನೂ ಕನ್ನಡದವನು ಅವನೂ ಕನ್ನಡದವನು ಎಂದು ನಾಲ್ಕು ಜನ ಆಡಿಕೊಳ್ಳುತ್ತಾರೆ ಎಂಬ ಅಳುಕು ನನಗಿತ್ತು.

ಕೊಂಬೆ ಕಡಿಯುವವರು ಬರಬೇಕಾಗಿದ್ದ ದಿನವೇ ನನ್ನ ಹೆಂಡತಿ ಸಾಸವಡಕ್ಕೆ ಹೊರಟಳು. ಅಲ್ಲಿ ಅವಳ ತಂಗಿಯ ಮಗಳ ಬಾಣಂತನ. ಬೆಳಿಗ್ಗೆ ಏಳರ ಬಸ್ಸಿಗೆ ಅವಳನ್ನು ಹತ್ತಿಸಿ ವಾಪಸು ಬಂದು ಹಿಂಭಾಗಕ್ಕೆ ಹೋದರೆ, ಬೇವಿನ ಬುಡದಲ್ಲಿ ಎಷ್ಟೋ ವರ್ಷದಿಂದ ಸುಮ್ಮನೆ ಬಿದ್ದಿದ್ದ ಗುಂಡುಕಲ್ಲಿಗೆ ಯಾರೋ ಶೇಂದೂರ ಬಳಿದಿದ್ದರು. ಮಾರುತಿಯ ಗುಡಿಯಲ್ಲಿ ಎಣ್ಣೆಯಲ್ಲಿ ಕಲೆಸಿ ಮೂರ್ತಿಗೆ ಬಳಿಯುತ್ತಾರಲ್ಲ, ಅದೇ ಕಿತ್ತಳೆ ಬಣ್ಣದ ಪುಡಿ. ಇನ್ನೂ ಹಸಿಯಾಗಿತ್ತು, ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು.

ಈ ಊರಲ್ಲಿ ಕಲ್ಲಿಗೆ ಶೇಂದೂರ ಬಿತ್ತೆಂದರೆ ಅದು ದೇವರು. ಅದನ್ನು ಸರಿಸುವವರಿಲ್ಲ, ಅದರ ಮೇಲಿನ ಮರಕ್ಕೆ ಕೊಡಲಿ ಹಾಕುವವರಿಲ್ಲ. ಹತ್ತು ಗಂಟೆಗೆ ಬಂದ ಕೊಂಬೆ ಕಡಿಯುವವರು ಕೊಡಲಿ ಕೆಳಗಿಟ್ಟು ಚಪ್ಪಲಿ ಬಿಟ್ಟು ಕೈಮುಗಿದರು. ಅವರ ಮೇಸ್ತ್ರಿ ನನಗೆ ಮರಾಠಿಯಲ್ಲಿ, ನನ್ನ ಮನೆಯಲ್ಲೂ ಮಕ್ಕಳಿದ್ದಾರೆ ಕಾಕಾ ಎಂದು ಹೇಳಿ ಎಲ್ಲರನ್ನೂ ಕರೆದುಕೊಂಡು ಹೋಗಿಬಿಟ್ಟ.

ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಇದರಿಂದ ಲಾಭ ಯಾರಿಗೆ? ಕಲ್ಲಿನ ಹತ್ತಿರ ಕೂತು ಮೂಸಿದೆ. ಶೇಂದೂರವನ್ನು ಎಳ್ಳೆಣ್ಣೆಯಲ್ಲಿ ಕಲೆಸುತ್ತಾರೆ, ಕೆಲವರು ಮಲ್ಲಿಗೆ ಎಣ್ಣೆಯಲ್ಲಿ. ಇದು ಅವೆರಡೂ ಅಲ್ಲ. ಇದು ಕುಸುಬಿ ಎಣ್ಣೆ. ನಮ್ಮ ಕಡೆ ಗಾಣದಿಂದ ತಂದು ಚಟ್ನಿಪುಡಿಯ ಮೇಲೆ ಸುರಿದುಕೊಂಡು ರೊಟ್ಟಿ ತಿನ್ನುವ ಎಣ್ಣೆ. ಈ ಕಟ್ಟಡದ ಉಳಿದ ಮನೆಗಳಲ್ಲಿ ಶೇಂಗಾ ಎಣ್ಣೆ ಬಿಟ್ಟರೆ ಬೇರೆ ಇಲ್ಲವೆಂದು ನನಗೆ ಗೊತ್ತು. ಅಂದಮೇಲೆ ಬಳಿದವರು ನಮ್ಮ ಕಡೆಯವರೇ. ನಮ್ಮ ಕಡೆಯವರು ಅಂದರೆ ತಗಡಿನ ಖೋಲಿಯವರೇ. ಮೂವತ್ತು ವರ್ಷದ ಮೂಗು ಇನ್ನೂ ಕೆಟ್ಟಿಲ್ಲ ಎಂದು ಅಲ್ಲೇ ಕೂತು ಹಿಗ್ಗಿದೆ.

ಮಧ್ಯಾಹ್ನದ ಹೊತ್ತಿಗೆ ಕಲ್ಲಿನ ತಲೆಯ ಮೇಲೆ ಎರಡು ಚೆಂಡುಹೂವೂ ಬಂದವು. ಆ ಹುಡುಗಿಯನ್ನು ಕರೆದು ಕೇಳಿದೆ. ತೊಟ್ಟಿಲಿನ ಹಗ್ಗ ಕೈಯಲ್ಲಿ ಹಿಡಿದೇ ನೆಲ ನೋಡುತ್ತ ಉತ್ತರ ಕೊಟ್ಟಳು.

“ನಾ ಹಚ್ಚಿಲ್ರಿ ಕಾಕಾರ. ಹೂವ ಅಷ್ಟ ಇಟ್ಟೀನಿ. ದೇವರಾದ ಮ್ಯಾಲ ಬರೇ ತಲೀಲೆ ಹ್ಯಾಂಗ ಬಿಡೂದ್ರಿ?”

“ಮತ್ತ ಯಾರು ಹಚ್ಚ್ಯಾರ?”

ಅವಳು ಒಮ್ಮೆ ನಮ್ಮ ಮನೆಯ ಕಿಟಕಿಯ ಕಡೆ ನೋಡಿ, ಗೊತ್ತಿಲ್ಲ ಎಂದಳು. ಆ ನೋಟವನ್ನು ನಾನು ನೋಡಿದೆ. ಸುಳ್ಳು ಹೇಳುವವರು ಹಾಗೇ ಅತ್ತಿತ್ತ ನೋಡುತ್ತಾರೆ ಎಂದು ಅದಕ್ಕೊಂದು ಅರ್ಥವನ್ನೂ ಕಟ್ಟಿದೆ.

ಆ ವಾರವೆಲ್ಲ ನಾನು ಅವರ ಬೆನ್ನು ಬಿಡಲಿಲ್ಲ. ಗಂಡ ಸಂಜೆ ಕಲ್ಲಿನ ಸುತ್ತ ಕಸ ಗುಡಿಸಿದರೆ, ಇವತ್ತು ಕಸ ಗುಡಿಸುತ್ತಾನೆ ನಾಳೆ ಕಟ್ಟೆ ಕಟ್ಟುತ್ತಾನೆ ಎನ್ನಿಸುತ್ತಿತ್ತು. ಅವಳು ಕೈಮುಗಿದರೂ ಅನುಮಾನ, ಮುಗಿಯದೆ ಹೋದರೂ ಅನುಮಾನ. ಈಗ ಕಲ್ಲು, ಆಮೇಲೆ ಗುಡಿ, ಆಮೇಲೆ ಪೂಜಾರಿ ಎಂದು ಇವರೇ ಕಾಯಂ ಆಗಿ ಕೂತುಬಿಡುತ್ತಾರೆ ಎಂದು ಕಮಿಟಿಯಲ್ಲಿ ಹೇಳಿದೆ. ಎಣ್ಣೆಯ ವಾಸನೆಯ ವಿಷಯವನ್ನು ಎಲ್ಲರಿಗೂ ಬಿಡಿಸಿ ಹೇಳಿದೆ. ಎಲ್ಲರೂ ತಲೆದೂಗಿದರು. ಅವರ ಭಾಷೆಯವನೇ ಹೇಳುತ್ತಿದ್ದಾನೆ ಎಂದಮೇಲೆ ಇನ್ನೇನು ಎಂದು ಒಬ್ಬರು ಅಂದದ್ದು ನನಗೆ ಆಗ ಮರ್ಯಾದೆಯ ಮಾತಾಗಿ ಕೇಳಿಸಿತು. ಎಂಟು ದಿನದಲ್ಲಿ ಖೋಲಿ ಬಿಡಬೇಕೆಂದು ಅವರಿಗೆ ನಾನೇ ತಿಳಿಸಿದೆ. ಅವನು ಕೈ ಜೋಡಿಸಿದ. ಅವಳು ಕೊಂಬೆಯಿಂದ ಸೀರೆ ಬಿಚ್ಚಿ ಮಡಚಿದಳು.

ಹೆಂಡತಿ ಸಾಸವಡದಿಂದ ದಿನಾ ಫೋನು ಮಾಡುತ್ತಿದ್ದಳು. ಕಲ್ಲಿಗೆ ಯಾರೋ ಶೇಂದೂರ ಬಳಿದಿದ್ದಾರೆ ಎಂದಾಗ ಹೌದೇನು ಎಂದಷ್ಟೇ ಅಂದಿದ್ದಳು. ವಾಚ್‌ಮನ್‌ನನ್ನು ಕೆಲಸದಿಂದ ಬಿಡಿಸಿದ ವಿಷಯ ಮಾತ್ರ ನಾನು ಹೇಳಲಿಲ್ಲ. ಕೂಸಿನ ಸುದ್ದಿ ಕೇಳಿದರೆ ಚೆನ್ನಾಗಿದೆ ಎನ್ನುತ್ತಿದ್ದೆ.

ಇಪ್ಪತ್ತು ದಿನದ ಮೇಲೆ ಅವಳು ಬಂದಳು. ಚೀಲವನ್ನು ಮನೆಯಲ್ಲಿಟ್ಟು ಮೊದಲು ಹೋದದ್ದು ಬೇವಿನ ಹತ್ತಿರ. ಅಲ್ಲಿ ಖಾಕಿ ಅಂಗಿಯ ಹೊಸ ವಾಚ್‌ಮನ್ ಕೂತಿದ್ದ. ವಾಪಸು ಬಂದವಳಿಗೆ ನಡೆದದ್ದನ್ನೆಲ್ಲ ಹೇಳಿದೆ. ಎಣ್ಣೆಯ ವಾಸನೆಯನ್ನು ಹಿಡಿದ ಕಥೆಯನ್ನಂತೂ ಸ್ವಲ್ಪ ಬಣ್ಣ ಕಟ್ಟಿಯೇ ಹೇಳಿದೆ. ಅವಳು ಅಡುಗೆಮನೆಗೆ ಹೋಗಿ ಊರಿಂದ ತರಿಸಿಟ್ಟ ಎಣ್ಣೆಯ ಡಬ್ಬಿ ತಂದು ನನ್ನ ಮುಂದಿಟ್ಟು ಮುಚ್ಚಳ ತೆಗೆದಳು.

“ಮೂಸಿ ನೋಡ್ರಿ. ಅಕಿ ಮನ್ಯಾಗ ಕುಸುಬಿ ಎಣ್ಣಿ ಎಲ್ಲಿಂದ ಬರಬೇಕು? ಅವರು ಪಾಕೀಟಿನ ಎಣ್ಣಿ ತಿನ್ನೋ ಮಂದಿ. ನಾನ ಹಚ್ಚೀನಿ, ಬಸ್ಸಿಗೆ ಹೋಗೂಕಿಂತ ಮೊದಲ. ಅಕಿ ಕಸ ಹೊಡೀಲಿಕ್ಕೆ ಬಂದಾಕಿ ನನ್ನ ನೋಡಿದ್ಲು.”

ನನಗೆ ಮೊದಲು ಬಂದದ್ದು ಸಿಟ್ಟು. ನಾಲ್ಕು ಜನರಲ್ಲಿ ನೀನು ನನ್ನ ಮಾನ ಕಳೆದೆ ಎಂದು ಕೂಗಾಡಿದೆ. ಇನ್ನೂ ಕೆಟ್ಟ ಮಾತುಗಳನ್ನೂ ಆಡಿದೆ, ಅವನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಅವಳು ಎಲ್ಲ ಮುಗಿಯುವವರೆಗೂ ನಿಂತಿದ್ದು ಒಂದೇ ಮಾತು ಕೇಳಿದಳು.

“ಎಲ್ಲಾರ ಮ್ಯಾಲೂ ಸಂಶಯ ಬಂತು ನಿಮಗ. ನನ್ನ ಮ್ಯಾಲ ಯಾಕ ಬರಲಿಲ್ಲ?”

ನಿನ್ನ ಮೇಲೆ ನಂಬಿಕೆ ಇತ್ತು ಎನ್ನಲು ಬಾಯಿ ತೆರೆದೆ. ನಂಬಿಕೆ ಅಲ್ಲವೇ ಅಲ್ಲ. ಮೂವತ್ತೈದು ವರ್ಷ ಜೊತೆಗಿದ್ದವಳು ತನ್ನ ಮನಸ್ಸಿಗೆ ಬಂದಂತೆ ಒಂದು ಕೆಲಸ ಮಾಡಬಲ್ಲಳು ಎಂದು ನನಗೆ ಹೊಳೆದೇ ಇರಲಿಲ್ಲ. ಅವಳು ಎರಡು ಸಲ ಕೇಳಿದ್ದನ್ನು ನಾನು ಕೇಳಿಸಿಕೊಂಡೇ ಇರಲಿಲ್ಲ. ಆ ರಾತ್ರಿ ಊಟ ಸೇರಲಿಲ್ಲ. ತಪ್ಪು ನನ್ನದು, ಪೂರ್ತಿ ನನ್ನದು ಎಂಬುದು ತಿಳಿಯುವುದಕ್ಕೆ ನನಗೆ ಇನ್ನೂ ಎರಡು ದಿನ ಬೇಕಾದವು.

ವಾಚ್‌ಮನ್‌ನ ಫೋನು ಹತ್ತಲಿಲ್ಲ. ನಮ್ಮ ಬೀದಿಯ ಇಸ್ತ್ರಿಯವನನ್ನು ಕೇಳಿದಾಗ, ಭೋರ್‌ಗೆ ಹೋಗುವ ದಾರಿಯಲ್ಲಿ ಒಂದು ಹೊಸ ಕಟ್ಟಡದ ಕೆಲಸಕ್ಕೆ ಗಂಡ ಹೆಂಡತಿ ಸೇರಿಕೊಂಡಿದ್ದಾರೆ ಎಂದ. ಹೆಂಡತಿಗೆ ಬರುತ್ತೀಯಾ ಎಂದೆ. ಕಳಿಸಿದವರು ನೀವು, ನೀವೇ ಹೋಗಿ ಎಂದಳು. ಎರಡು ಬಸ್ಸು ಬದಲಿಸಿ, ಕೇಳುತ್ತ ಕೇಳುತ್ತ ಹೋಗಿ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಅಲ್ಲಿ ಒಂದು ಗಿಡವೂ ಇರಲಿಲ್ಲ. ಎರಡು ಕಬ್ಬಿಣದ ಕಂಬಗಳ ನಡುವೆ ಅದೇ ಸೀರೆಯ ತೊಟ್ಟಿಲು ಕಟ್ಟಿದ್ದರು, ಮೇಲೆ ಸಿಮೆಂಟಿನ ಖಾಲಿ ಚೀಲ ಹೊದಿಸಿದ್ದರು. ಕೂಸಿನ ಹಣೆ ಕತ್ತು ಎಲ್ಲ ಬೆವರುಸಾಲೆ ಎದ್ದು ಕೆಂಪಾಗಿತ್ತು.

ಅವಳು ತಲೆಯ ಮೇಲಿನ ಬುಟ್ಟಿ ಇಳಿಸಿ ಬಂದು ದೂರವೇ ನಿಂತಳು. ನನ್ನಿಂದ ತಪ್ಪಾಯಿತು, ಹಚ್ಚಿದವರು ಯಾರೆಂದು ಈಗ ತಿಳಿಯಿತು ಎಂದೆ. ಖೋಲಿಗೆ ಬೇರೆಯವನು ಬಂದಿದ್ದಾನೆ, ಆದರೂ ಕಮಿಟಿಗೆ ನಿಜ ಹೇಳಿ ಏನಾದರೂ ಮಾಡುತ್ತೇನೆ ಎಂದೂ ಹೇಳಿದೆ. ನೋಡಿದವಳು ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳ ಮುಖದಲ್ಲಿ ಹೆದರಿಕೆ ಎದ್ದು ಕಾಣುತ್ತಿತ್ತು, ಅದು ಖೋಲಿಯ ಬಗ್ಗೆ ಆಗಿರಲಿಲ್ಲ.

“ಕಾಕೂಗ ಏನೂ ಅನ್ನಲಿಲ್ಲಲ್ರಿ ನೀವು?”

ಇಲ್ಲ ಎಂದೆ. ಸುಳ್ಳು ಹೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಕೈ ಚಾಚಿದಳು.

“ಫೋನ್ ಹಚ್ಚಿ ಕೊಡ್ರಿ. ನಾನ ಕೇಳ್ತೀನಿ.”

ಹಚ್ಚಿ ಕೊಟ್ಟೆ. ಅವಳು ಫೋನು ಹಿಡಿದು ಮರಳಿನ ರಾಶಿಯ ಆಚೆ ಹೋಗಿ, ನನಗೆ ಬೆನ್ನು ಮಾಡಿ ಸಣ್ಣ ದನಿಯಲ್ಲಿ ಮಾತಾಡಿದಳು. ನಾನು ಬಿಸಿಲಲ್ಲಿ ನಿಂತು ತೊಟ್ಟಿಲು ತೂಗಿದೆ. ಆ ಕಡೆಯಿಂದ ನನ್ನ ಹೆಂಡತಿ ಏನು ಹೇಳಿದಳೋ ಗೊತ್ತಿಲ್ಲ, ಕೇಳುವ ಧೈರ್ಯ ಇಂದಿಗೂ ಬಂದಿಲ್ಲ. ಫೋನನ್ನು ಮರಳಿ ಕೊಟ್ಟ ಮೇಲೆಯೇ ಅವಳು ನನಗೆ ಕುಡಿಯಲು ನೀರು ತಂದಳು.